ಗಣಿತಜ್ಞ ಇಬ್ನುಲ್ ಹೈಸಮ್ ಮತ್ತು ಏಳರ ಲೆಕ್ಕ

ಈ ಲೇಖನ ಓದುವ ಮುನ್ನ ಒಂದು ಕಾಗದ, ಒಂದು ಪೆನ್ನು ಕೈಗೆತ್ತಿಕೊಳ್ಳಿ. ಒಂದು ಸಂಖ್ಯೆ ಇದೆ. ಅದನ್ನು 2ರಿಂದ ಭಾಗಿಸಿದರೆ 1 ಉಳಿಯುತ್ತದೆ. 3ರಿಂದ ಭಾಗಿಸಿದರೂ 1, 4ರಿಂದಲೂ 1, 5ರಿಂದಲೂ 1, 6ರಿಂದಲೂ 1. ಆದರೆ 7ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಆ ಸಂಖ್ಯೆ ಯಾವುದು? ಕ್ಯಾಲ್ಕುಲೇಟರ್ ಮುಟ್ಟಬೇಡಿ. ಉತ್ತರ ಸಿಗದಿದ್ದರೂ ಚಿಂತೆಯಿಲ್ಲ, ಮುಂದೆ ಓದುತ್ತಾ ಹೋಗಿ. ಸುಮಾರು ಸಾವಿರ ವರ್ಷಗಳ ಹಿಂದೆ ಇದೇ ಲೆಕ್ಕವನ್ನು ಮುಂದಿಟ್ಟುಕೊಂಡು ಕುಳಿತಿದ್ದ ಒಬ್ಬ ವಿದ್ವಾಂಸರ ಜೀವನವನ್ನು ನಿಮಗೆ ಪರಿಚಯಿಸುವುದು ಈ ಬರಹದ ಉದ್ದೇಶ.

ಅವರ ಹೆಸರು ಅಬೂ ಅಲೀ ಅಲ್ ಹಸನ್ ಇಬ್ನುಲ್ ಹೈಸಮ್. ಯೂರೋಪಿನವರು ಅವರನ್ನು ಅಲ್ಹಾಝೆನ್ ಎಂದು ಕರೆದರು. ವಿಜ್ಞಾನದ ಪುಸ್ತಕಗಳಲ್ಲಿ ಬೆಳಕಿನ ಪಾಠ ಬಂದಾಗ ನೀವು ಈ ಹೆಸರನ್ನು ಕೇಳಿರಬಹುದು. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ನೋಟ ಸಾಧ್ಯವಾಗುತ್ತದೆ ಎಂದು ಹಳೆಯ ಗ್ರೀಕ್ ಪಂಡಿತರಲ್ಲಿ ಅನೇಕರು ನಂಬಿದ್ದರು. ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದಲೇ ನಾವು ನೋಡುತ್ತೇವೆ ಎಂಬುದನ್ನು ಪ್ರಯೋಗಗಳ ಮೂಲಕ ತೋರಿಸಿದವರು ಇಬ್ನುಲ್ ಹೈಸಮ್. ಏಳು ಭಾಗಗಳ ಅವರ ಕಿತಾಬುಲ್ ಮನಾಝಿರ್ ಲ್ಯಾಟಿನ್ ಭಾಷೆಗೆ ಅನುವಾದವಾಗಿ, 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಯೂರೋಪಿನ ವಿದ್ವಾಂಸರು ತಲೆಮಾರುಗಳ ಕಾಲ ಅದನ್ನು ಓದಿದರು. 2003ರಲ್ಲಿ ಇರಾಕ್ ಹೊರಡಿಸಿದ 10,000 ದಿನಾರ್ ನೋಟಿನ ಮೇಲೆ ಅವರ ಚಿತ್ರವಿತ್ತು. ಚಂದ್ರನ ಮೇಲಿನ ಒಂದು ಕುಳಿಗೂ ಅವರ ಹೆಸರಿದೆ. ಇಷ್ಟೆಲ್ಲ ಕೀರ್ತಿ ಬೆಳಕಿನ ಕೆಲಸಕ್ಕೇ ಸಂದುಹೋದುದರಿಂದ, ಅವರು ಸಂಖ್ಯೆಗಳ ವಿಷಯದಲ್ಲಿ ಮಾಡಿದ ಕೆಲಸ ಮರೆಯಲ್ಲಿ ಉಳಿದುಬಿಟ್ಟಿದೆ. ನನ್ನ ಮಟ್ಟಿಗೆ ಇದೊಂದು ಅನ್ಯಾಯವೇ.

ಅವರು ಹುಟ್ಟಿದ್ದು ಇರಾಕಿನ ಬಸ್ರಾ ನಗರದಲ್ಲಿ, ಸುಮಾರು ಕ್ರಿ.ಶ. 965ರಲ್ಲಿ, ಅಂದರೆ ಹಿಜರಿ 354ರಲ್ಲಿ. ಬಸ್ರಾ ಆಗ ವ್ಯಾಪಾರದ ಬಂದರು ಮಾತ್ರವಲ್ಲ, ವಿದ್ವಾಂಸರ ಊರೂ ಆಗಿತ್ತು. ಅದಕ್ಕೂ ಒಂದೂವರೆ ಶತಮಾನ ಹಿಂದಿನಿಂದಲೇ ಬಗ್ದಾದಿನಲ್ಲಿ ಯೂಕ್ಲಿಡ್, ಟಾಲೆಮಿ, ಅಪೊಲೋನಿಯಸ್ ಮುಂತಾದ ಗ್ರೀಕರ ಗ್ರಂಥಗಳು ಅರಬಿಗೆ ಬಂದಿದ್ದವು. ಇಬ್ನುಲ್ ಹೈಸಮ್ ಬೆಳೆದದ್ದು ಆ ಗ್ರಂಥಗಳ ನಡುವೆ. ಅವರು ಸರಕಾರಿ ಹುದ್ದೆಯೊಂದನ್ನೂ ಹೊಂದಿದ್ದರೆಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಆದರೆ ಅವರ ಮನಸ್ಸು ದಫ್ತರಿನಲ್ಲಿ ಇರಲಿಲ್ಲ.

ಅವರ ಜೀವನದ ಮುಖ್ಯ ಘಟನೆಯನ್ನು ನಮಗೆ ತಿಳಿಸಿದವರು 1248ರಲ್ಲಿ ನಿಧನರಾದ ಚರಿತ್ರೆಕಾರ ಇಬ್ನುಲ್ ಕಿಫ್ತೀ. ಈ ಬರಹ ಘಟನೆಗೆ ಎರಡು ಶತಮಾನಗಳ ನಂತರದ್ದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಇದನ್ನು ಓದಬೇಕು. ಈಜಿಪ್ಟಿನ ನೈಲ್ ನದಿ ಒಂದು ವರ್ಷ ಉಕ್ಕಿ ಹರಿದು ಊರು ಮುಳುಗಿಸುತ್ತಿತ್ತು, ಇನ್ನೊಂದು ವರ್ಷ ಸೊರಗಿ ಕ್ಷಾಮ ತರುತ್ತಿತ್ತು. ತಾನು ಈಜಿಪ್ಟಿನಲ್ಲಿದ್ದರೆ ಎರಡೂ ಕಾಲದಲ್ಲಿ ನದಿ ಉಪಯೋಗಕ್ಕೆ ಬರುವಂತೆ ಏನಾದರೂ ಮಾಡುತ್ತಿದ್ದೆ ಎಂದು ಇಬ್ನುಲ್ ಹೈಸಮ್ ಹೇಳಿದ್ದರಂತೆ. ಮಾತು ಕೈರೋ ತಲುಪಿತು. ಅಲ್ಲಿ ಆಗ ಫಾತಿಮೀ ವಂಶದ ಖಲೀಫ ಅಲ್ ಹಾಕಿಮ್ ಆಳುತ್ತಿದ್ದರು. 1005ರಲ್ಲಿ ಕೈರೋದಲ್ಲಿ ದಾರುಲ್ ಇಲ್ಮ್ ಎಂಬ ವಿದ್ಯಾಕೇಂದ್ರ ತೆರೆದವರು, ಖಗೋಳಜ್ಞ ಇಬ್ನ್ ಯೂನುಸರಿಗೆ ಆಸರೆ ಕೊಟ್ಟವರು ಇದೇ ಖಲೀಫ. ಅದೇ ವ್ಯಕ್ತಿ ಒಂದು ದಿನ ನಾಯಿಗಳನ್ನೆಲ್ಲ ಕೊಲ್ಲಿಸಲು, ಇನ್ನೊಂದು ದಿನ ಜನರು ಇಷ್ಟಪಟ್ಟು ತಿನ್ನುವ ಸೊಪ್ಪನ್ನೇ ನಿಷೇಧಿಸಲು ಆಜ್ಞೆ ಹೊರಡಿಸುತ್ತಿದ್ದರು. ಅವರ ಅಧಿಕಾರಿಗಳಲ್ಲಿ ಎಷ್ಟೋ ಮಂದಿಯ ತಲೆ ಉರುಳಿತ್ತು.

ಖಲೀಫರು ಇಬ್ನುಲ್ ಹೈಸಮರನ್ನು ಕರೆಸಿಕೊಂಡರು. ಕೈರೋದ ಬಾಗಿಲ ಹೊರಗಿನ ಹಳ್ಳಿಗೆ ಸ್ವತಃ ಬಂದು ಬರಮಾಡಿಕೊಂಡರು. ಕೆಲಸಗಾರರನ್ನೂ ಸಲಕರಣೆಗಳನ್ನೂ ಕೊಟ್ಟು ದಕ್ಷಿಣಕ್ಕೆ ಕಳುಹಿಸಿದರು. ನದಿಯುದ್ದಕ್ಕೂ ಸಾಗಿದ ಇಬ್ನುಲ್ ಹೈಸಮ್, ದಡದಲ್ಲಿ ಪ್ರಾಚೀನ ಈಜಿಪ್ಟಿನವರ ಕಟ್ಟಡಗಳನ್ನು ಕಂಡರು. ಅಳತೆಯಲ್ಲಾಗಲಿ ಜ್ಯಾಮಿತಿಯಲ್ಲಾಗಲಿ ಅವುಗಳಿಗೆ ಕೊರತೆ ಇರಲಿಲ್ಲ. ಇಷ್ಟು ಬಲ್ಲವರಿಗೆ ನೈಲನ್ನು ಕಟ್ಟಿಹಾಕುವುದು ಸಾಧ್ಯವಿದ್ದಿದ್ದರೆ ಎಂದೋ ಮಾಡಿ ಮುಗಿಸುತ್ತಿದ್ದರಲ್ಲವೇ ಎಂಬ ಸಂಶಯ ದಾರಿಯಲ್ಲೇ ಹುಟ್ಟಿತು. ಅಸ್ವಾನ್ ಬಳಿಯ ಬಂಡೆಗಳ ಜಾಗ ತಲುಪಿ ನೋಡಿದಾಗ ಸಂಶಯ ಖಚಿತವಾಯಿತು. ಅದು ತನ್ನಿಂದ ಆಗುವ ಕೆಲಸವಲ್ಲ. ಅಲ್ಲಿ ಬ್ರಿಟಿಷರ ಅಣೆಕಟ್ಟು ಎದ್ದದ್ದು 1902ರಲ್ಲಿ, ಮಹಾ ಅಣೆಕಟ್ಟು ಪೂರ್ಣಗೊಂಡದ್ದು 1970ರಲ್ಲಿ. ಅಂದರೆ ಅವರು ಆರಿಸಿದ ಜಾಗ ತಪ್ಪಾಗಿರಲಿಲ್ಲ. ಆ ಕೆಲಸಕ್ಕೆ ಬೇಕಾದ ಸಾಮಗ್ರಿ ಮತ್ತು ಯಂತ್ರ ಆ ಕಾಲದಲ್ಲಿ ಇರಲಿಲ್ಲ, ಅಷ್ಟೇ.

ಅವರು ಹಿಂದಿರುಗಿ ಬಂದು ಖಲೀಫರೆದುರು ತನ್ನ ಸೋಲನ್ನು ಒಪ್ಪಿಕೊಂಡರು. ಅಂಥ ದರ್ಬಾರಿನಲ್ಲಿ ಇದು ಸಣ್ಣ ಮಾತಲ್ಲ. ಖಲೀಫರು ಆ ಕ್ಷಣಕ್ಕೆ ಏನೂ ಮಾಡಲಿಲ್ಲ, ಬದಲಿಗೆ ದೀವಾನ್ ಕಚೇರಿಯಲ್ಲಿ ಒಂದು ಹುದ್ದೆ ಕೊಟ್ಟರು. ಬೇಡವೆಂದರೆ ಪ್ರಾಣಕ್ಕೆ ಅಪಾಯ, ಒಪ್ಪಿಕೊಂಡು ಕುಳಿತರೂ ಅಪಾಯ ತಪ್ಪಿದ್ದಲ್ಲ. ಕೊನೆಗೆ ಅವರು ಕಂಡುಕೊಂಡ ದಾರಿ ವಿಚಿತ್ರವಾದುದು. ತನಗೆ ಹುಚ್ಚು ಹಿಡಿದಿದೆ ಎಂದು ನಟಿಸತೊಡಗಿದರು. ಖಲೀಫರು ಅವರ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡು, ನೋಡಿಕೊಳ್ಳಲು ಜನರನ್ನು ನೇಮಿಸಿ, ಅವರನ್ನು ಮನೆಯಲ್ಲೇ ಬಂಧನದಲ್ಲಿರಿಸಿದರು.

ವಿದ್ಯಾರ್ಥಿಗಳೇ, ಒಂದು ಕ್ಷಣ ಯೋಚಿಸಿ. ಆ ಕಾಲದ ಅತ್ಯಂತ ಚುರುಕಾದ ಬುದ್ಧಿಗಳಲ್ಲೊಂದು, ಬುದ್ಧಿಯೇ ಇಲ್ಲದಂತೆ ವರ್ಷಗಟ್ಟಲೆ ನಟಿಸಬೇಕಾಯಿತು. ಒಂದು ಸರಿಯಾದ ಮಾತು ಬಾಯಿಂದ ಜಾರಿದರೂ ಕಥೆ ಮುಗಿದಂತೆ. ಕಿತಾಬುಲ್ ಮನಾಝಿರ್ ಈ ಬಂಧನದ ವರ್ಷಗಳಲ್ಲಿ ರಚನೆಯಾಯಿತು ಎಂದು ಹೇಳುವ ವಾಡಿಕೆ ಇದೆ. ಅದು ಬಿಡುಗಡೆಯ ನಂತರದ್ದು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. 1021ರ ಒಂದು ರಾತ್ರಿ ಅಲ್ ಹಾಕಿಮ್ ಕೈರೋ ಬಳಿಯ ಮುಕತ್ತಮ್ ಬೆಟ್ಟದ ಕಡೆಗೆ ಹೋದವರು ಮರಳಿ ಬರಲಿಲ್ಲ. ಖಲೀಫರು ಇಲ್ಲವೆಂಬುದು ಖಚಿತವಾದ ಮೇಲೆ ಇಬ್ನುಲ್ ಹೈಸಮರ ಹುಚ್ಚು ಇದ್ದಕ್ಕಿದ್ದಂತೆ ವಾಸಿಯಾಯಿತು!

ಅವರ ಆಸ್ತಿಯನ್ನು ಅವರಿಗೆ ಮರಳಿಸಲಾಯಿತು. ಆದರೆ ಅವರು ಮತ್ತೆ ದರ್ಬಾರಿನ ಬಾಗಿಲು ತಟ್ಟಲಿಲ್ಲ. ಅಲ್ ಅಝ್ಹರ್ ಮಸೀದಿಯ ಬಾಗಿಲ ಬಳಿಯ ಗುಂಬಜ್ ಕೋಣೆಯೊಂದರಲ್ಲಿ ನೆಲೆಸಿ, ಪಾಠ ಹೇಳುತ್ತಾ, ಬರೆಯುತ್ತಾ ಉಳಿದ ಆಯುಷ್ಯ ಕಳೆದರು. ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಗೊತ್ತೇ? ಮುದ್ರಣಯಂತ್ರ ಇಲ್ಲದ ಕಾಲವಾದ್ದರಿಂದ ಗ್ರಂಥಗಳನ್ನು ಕೈಯಿಂದ ನಕಲು ಮಾಡುತ್ತಿದ್ದರು. ಯೂಕ್ಲಿಡನ ಉಸೂಲ್, ಟಾಲೆಮಿಯ ಅಲ್ ಮಜಿಸ್ತಿ ಮತ್ತು ಇವೆರಡರ ನಡುವೆ ಕಲಿಯಬೇಕಾದ ಗ್ರಂಥಗಳು, ಇಷ್ಟನ್ನು ವರ್ಷಕ್ಕೊಮ್ಮೆ ನಕಲು ಮಾಡಿ 150 ದಿನಾರಿಗೆ ಮಾರುತ್ತಿದ್ದರು. ಬೆಲೆಯಲ್ಲಿ ಚೌಕಾಸಿ ಇಲ್ಲ. ಆ ಹಣದಲ್ಲಿ ಒಂದು ವರ್ಷದ ಖರ್ಚು ಸಾಗುತ್ತಿತ್ತು. ಯಾರ ಹಂಗೂ ಇರಲಿಲ್ಲ.

ಯೂಕ್ಲಿಡನ ಗ್ರಂಥ ಎಂದರೆ ತ್ರಿಭುಜ, ವೃತ್ತಗಳ ಪುಸ್ತಕ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದರ ಏಳು, ಎಂಟು, ಒಂಬತ್ತನೆಯ ಭಾಗಗಳು ಪೂರ್ತಿಯಾಗಿ ಸಂಖ್ಯೆಗಳಿಗೇ ಮೀಸಲು. ಶಾಲೆಯಲ್ಲಿ ನಿಮ್ಮನ್ನು ಕಾಡುವ ಮ.ಸಾ.ಅ., ಲ.ಸಾ.ಅ. ಅಲ್ಲೇ ಇವೆ. 1 ಮತ್ತು ತನ್ನನ್ನು ಬಿಟ್ಟು ಬೇರೆ ಅಪವರ್ತನವಿಲ್ಲದ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಎಂಬ ಪ್ರಸಿದ್ಧ ಸಾಧನೆಯೂ ಒಂಬತ್ತನೆಯ ಭಾಗದಲ್ಲಿದೆ. ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸಿ. ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ, ಆದ್ದರಿಂದ ಪಟ್ಟಿಯ ಹೊರಗೆ ಇನ್ನೊಂದು ಅವಿಭಾಜ್ಯ ಇರಲೇಬೇಕು. ಈ ಪುಟ ಇಬ್ನುಲ್ ಹೈಸಮರ ಲೇಖನಿಯ ಕೆಳಗೆ ವರ್ಷವರ್ಷವೂ ಹಾದುಹೋಗುತ್ತಿತ್ತು. ಗುಣಿಸಿ 1 ಕೂಡಿಸುವ ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಈಗಲೇ ಬೇಕಾಗುತ್ತದೆ.

ನಮ್ಮ ಆರಂಭದ ಲೆಕ್ಕಕ್ಕೆ ಬರೋಣ. ಈ ಲೆಕ್ಕ ಇಬ್ನುಲ್ ಹೈಸಮರೇ ಹುಟ್ಟಿಸಿದ್ದಲ್ಲ. ನಮ್ಮ ದೇಶದ ಮೊದಲನೆಯ ಭಾಸ್ಕರರು ಕ್ರಿ.ಶ. 629ರಲ್ಲಿ ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲೂ ಇದೆ, 1202ರಲ್ಲಿ ಇಟಲಿಯ ಫಿಬೊನಾಚಿ ಬರೆದ ಗ್ರಂಥದಲ್ಲೂ ಇದೆ. ಇಬ್ನುಲ್ ಹೈಸಮರು ಇದಕ್ಕೆಂದೇ ಒಂದು ಪುಟ್ಟ ಪ್ರಬಂಧ ಬರೆದು ಎರಡು ದಾರಿ ತೋರಿಸಿದರು.

ಒಂದು ದಾರಿ ನಿಮಗೆ ಗೊತ್ತಿರುವುದೇ. 2, 3, 4, 5, 6 ಇವುಗಳ ಲ.ಸಾ.ಅ. 60. 60ರ ಯಾವುದೇ ಅಪವರ್ತ್ಯಕ್ಕೆ 1 ಕೂಡಿಸಿದರೆ ಈ ಐದರಿಂದಲೂ 1 ಉಳಿಯುತ್ತದೆ. 61, 121, 181, 241, 301. ಇವುಗಳನ್ನು ಒಂದೊಂದಾಗಿ 7ರಿಂದ ಭಾಗಿಸುತ್ತಾ ಹೋದರೆ 301ರಲ್ಲಿ ಶೇಷ ಇಲ್ಲವಾಗುತ್ತದೆ, ಏಕೆಂದರೆ 7 × 43 = 301. ಇನ್ನೂ ಉತ್ತರ ಬೇಕಿದ್ದರೆ 60 ಮತ್ತು 7ರ ಗುಣಲಬ್ಧವಾದ 420ನ್ನು ಕೂಡಿಸುತ್ತಾ ಹೋಗಿ. 721, 1141, ಹೀಗೆ ಮುಗಿಯದ ಸಾಲು. ಮದ್ರಸಾದಲ್ಲಿ ಫರಾಯಿಝ್ ಕಲಿತವರಿಗೆ ಈ ರೀತಿ ಹೊಸತಲ್ಲ. ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಹೆಣ್ಣುಮಕ್ಕಳಿಗೆ ಮೂರನೇ ಎರಡು ಎಂದಾಗ ಉಸ್ತಾದರು ಮೊದಲು 24 ಎಂದು ಬರೆಯುತ್ತಾರಲ್ಲ, ಅದು 8, 6, 3ರ ಲ.ಸಾ.ಅ. ಅಲ್ಲದೆ ಬೇರೇನೂ ಅಲ್ಲ. 3, 4, 16 ಪಾಲು ಕೊಟ್ಟ ಮೇಲೆ 1 ಪಾಲು ಉಳಿದ ವಾರಸುದಾರರಿಗೆ. ಶಾಲೆಯಲ್ಲಿ ಲ.ಸಾ.ಅ. ಕಂಡರೆ ಹೆದರುವ ಹುಡುಗ ಮದ್ರಸಾದಲ್ಲಿ ಇದನ್ನು ಸಲೀಸಾಗಿ ಮಾಡುತ್ತಾನೆ!

ಇನ್ನೊಂದು ದಾರಿಯೇ ಇಬ್ನುಲ್ ಹೈಸಮರ ಹೆಗ್ಗಳಿಕೆ. 1ರಿಂದ 6ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿ. 720 ಬರುತ್ತದೆ. ಅದಕ್ಕೆ 1 ಕೂಡಿಸಿ, 721. 720 ಎಂಬುದು 2ರಿಂದ 6ರವರೆಗಿನ ಎಲ್ಲದರ ಅಪವರ್ತ್ಯ. ಆದ್ದರಿಂದ 721ನ್ನು ಅವುಗಳಿಂದ ಭಾಗಿಸಿದರೆ 1 ಉಳಿಯಲೇಬೇಕು. ಅದು ಸರಿ. ಆದರೆ 7ರಿಂದ ಅದು ಪೂರ್ತಿ ಭಾಗವಾಗುವುದು ಹೇಗೆ? 7 × 103 = 721. ಇದು ಆಕಸ್ಮಿಕವೇ? ಅಲ್ಲ, ಇದು ಪ್ರತಿಯೊಂದು ಅವಿಭಾಜ್ಯ ಸಂಖ್ಯೆಗೂ ಇರುವ ಗುಣ ಎಂದು ಇಬ್ನುಲ್ ಹೈಸಮ್ ಬರೆದರು. ಯಾವುದೇ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡು, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಗುಣಿಸಿ 1 ಕೂಡಿಸಿದರೆ, ಬಂದದ್ದು ಆ ಅವಿಭಾಜ್ಯದಿಂದ ಶೇಷವಿಲ್ಲದೆ ಭಾಗವಾಗುತ್ತದೆ. 5ಕ್ಕೆ ಮಾಡಿ ನೋಡಿ: 24ಕ್ಕೆ 1 ಕೂಡಿಸಿದರೆ 25. 11ಕ್ಕೆ ಮಾಡಿ ನೋಡಿ: 3628801, ಅಂದರೆ 11 × 329891.

ಏಕೆ ಹೀಗೆ? 7ರ ಲೆಕ್ಕದಲ್ಲೇ ಗುಟ್ಟು ಕಾಣುತ್ತದೆ. 2 ಮತ್ತು 4ನ್ನು ಜೋಡಿ ಮಾಡಿ, 8. 7ರಿಂದ ಭಾಗಿಸಿದರೆ ಉಳಿಯುವುದು 1. 3 ಮತ್ತು 5ನ್ನು ಜೋಡಿ ಮಾಡಿ, 15; ಉಳಿಯುವುದು ಮತ್ತೆ 1. ಜೋಡಿ ಸಿಗದೆ ಉಳಿದವು 1 ಮತ್ತು 6 ಮಾತ್ರ. ಹಾಗಾಗಿ ಎಲ್ಲವನ್ನೂ ಗುಣಿಸಿದಾಗ ಶೇಷ 6, ಅದಕ್ಕೆ 1 ಕೂಡಿಸಿದರೆ 7. ಯಾವ ಅವಿಭಾಜ್ಯ ತೆಗೆದುಕೊಂಡರೂ ಹೀಗೆಯೇ ಜೋಡಿಗಳು ಕೂಡುತ್ತವೆ. 11ಕ್ಕೆ ಜೋಡಿ ಹುಡುಕುವ ಕೆಲಸ ನಿಮಗೇ ಬಿಟ್ಟಿದ್ದೇನೆ.

ಅವಿಭಾಜ್ಯವಲ್ಲದ ಸಂಖ್ಯೆಗೆ ಈ ಗುಣವಿಲ್ಲ. 6ಕ್ಕೆ ಮಾಡಿದರೆ 121 ಬರುತ್ತದೆ, 6ರಿಂದ ಭಾಗವಾಗುವುದಿಲ್ಲ. 9ಕ್ಕೆ ಮಾಡಿದರೆ 40321, 9ರಿಂದ ಭಾಗವಾಗುವುದಿಲ್ಲ. ಕಾರಣ ಸುಲಭ. 9ರ ಅಪವರ್ತನವಾದ 3 ಆ ಗುಣಾಕಾರದೊಳಗೆ ಮೊದಲೇ ಸೇರಿಕೊಂಡಿರುತ್ತದೆ, 1 ಕೂಡಿಸಿದಾಗ 3ರಿಂದಲೇ 1 ಉಳಿಯುತ್ತದೆ, ಇನ್ನು 9ರಿಂದ ಭಾಗವಾಗುವುದೆಲ್ಲಿ? ಹೀಗೆ ಇದು ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯುವ ಪರೀಕ್ಷೆಯೇ ಆಗುತ್ತದೆ.

ಇಬ್ನುಲ್ ಹೈಸಮ್ ಈ ನಿಯಮಕ್ಕೆ ಸಾಧನೆ ಕೊಡಲಿಲ್ಲ, ನಿಯಮವನ್ನು ಹೇಳಿ ಬಳಸಿದರು. ಏಳು ಶತಮಾನ ಕಳೆದ ಮೇಲೆ, 1770ರಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ವೇರಿಂಗ್ ತನ್ನ ಶಿಷ್ಯ ಜಾನ್ ವಿಲ್ಸನ್ ಕಂಡುಹಿಡಿದದ್ದೆಂದು ಇದನ್ನು ಪ್ರಕಟಿಸಿದರು. ಅವರಿಬ್ಬರಿಗೂ ಸಾಧನೆ ಸಿಕ್ಕಿರಲಿಲ್ಲ. 1771ರಲ್ಲಿ ಲಗ್ರಾಂಜ್ ಸಾಧಿಸಿದರು. ಇಂದಿಗೂ ನಮ್ಮ ಕಾಲೇಜು ಪುಸ್ತಕಗಳಲ್ಲಿ ಇದರ ಹೆಸರು ವಿಲ್ಸನ್ ಪ್ರಮೇಯ. ಇಬ್ನುಲ್ ಹೈಸಮರ ಪ್ರಬಂಧವನ್ನು ಹೊರತೆಗೆದು ಈ ವಿಷಯವನ್ನು ವಿವರವಾಗಿ ತೋರಿಸಿದವರು ಗಣಿತ ಇತಿಹಾಸಕಾರ ರುಶ್ದೀ ರಾಶಿದ್. ಹೆಸರಿಗಾಗಿ ವಿಲ್ಸನರ ಮೇಲೆ ಸಿಟ್ಟಾಗಬೇಕಿಲ್ಲ, ಅವರಿಗೆ ಈ ಅರಬಿ ಬರಹದ ಸುಳಿವೇ ಇರಲಿಲ್ಲ. ಆದರೆ ನಮ್ಮ ವಿದ್ಯಾರ್ಥಿಗಳಿಗೂ ಸುಳಿವಿಲ್ಲದಿರುವುದು ಮಾತ್ರ ಬೇಸರದ ಸಂಗತಿ.

ಈ ಪರೀಕ್ಷೆ ನೋಡಲು ಎಷ್ಟು ಸುಂದರವೋ ಕೆಲಸಕ್ಕೆ ಅಷ್ಟೇ ಕಷ್ಟ ಎಂಬುದನ್ನೂ ಹೇಳಿಬಿಡಬೇಕು. 101 ಅವಿಭಾಜ್ಯವೇ ಎಂದು ಇದರಿಂದ ತಿಳಿಯಲು 1ರಿಂದ 100ರವರೆಗೆ ಗುಣಿಸಬೇಕು; ಆ ಉತ್ತರದಲ್ಲಿ 158 ಅಂಕಿಗಳಿವೆ! ಪರೀಕ್ಷಾ ಕೊಠಡಿಯಲ್ಲಿ ನಿಮಗೆ ನೆರವಾಗುವುದು ಬೇರೆ ದಾರಿ. ಒಂದು ಸಂಖ್ಯೆಯ ಅಪವರ್ತನಗಳು ಜೋಡಿಯಾಗಿ ಬರುತ್ತವೆ, ಜೋಡಿಯಲ್ಲಿ ಒಂದಾದರೂ ಆ ಸಂಖ್ಯೆಯ ವರ್ಗಮೂಲವನ್ನು ಮೀರುವುದಿಲ್ಲ. 101ರ ವರ್ಗಮೂಲ 10ಕ್ಕಿಂತ ತುಸು ಹೆಚ್ಚು. ಆದ್ದರಿಂದ 2, 3, 5, 7 ಈ ನಾಲ್ಕರಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಯಾವುದರಿಂದಲೂ ಭಾಗವಾಗುವುದಿಲ್ಲ, 101 ಅವಿಭಾಜ್ಯ. 91 ಅವಿಭಾಜ್ಯದಂತೆ ಕಾಣುತ್ತದೆ, ಎಷ್ಟೋ ಮಕ್ಕಳು ಇಲ್ಲಿ ಎಡವುತ್ತಾರೆ. ಅದು 7 × 13. ನೂರಾರು ಅಂಕಿಗಳ ಸಂಖ್ಯೆಗಳನ್ನು ಪರೀಕ್ಷಿಸಲು ಈ ದಾರಿಯೂ ಸಾಲದು. ಅದಕ್ಕೆ ಬೇಗನೆ, ಖಚಿತವಾಗಿ, ಯಾವ ಊಹೆಯನ್ನೂ ಅವಲಂಬಿಸದೆ ಉತ್ತರ ಕೊಡುವ ವಿಧಾನವನ್ನು 2002ರಲ್ಲಿ ಕಂಡುಹಿಡಿದವರು ನಮ್ಮ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ.

ಇಬ್ನುಲ್ ಹೈಸಮರ ಆಸಕ್ತಿ ಪರಿಪೂರ್ಣ ಸಂಖ್ಯೆಗಳ ಕಡೆಗೂ ಹರಿದಿತ್ತು. 28ನ್ನು ನೋಡಿ. ಅದನ್ನು ಬಿಟ್ಟು ಅದರ ಅಪವರ್ತನಗಳು 1, 2, 4, 7, 14. ಕೂಡಿಸಿದರೆ ಮತ್ತೆ 28. 6, 28, 496, 8128 ಇಂಥ ಸಂಖ್ಯೆಗಳು. 2ನ್ನು ಪದೇ ಪದೇ ಗುಣಿಸಿ 1 ಕಳೆದಾಗ ಅವಿಭಾಜ್ಯ ಸಿಕ್ಕರೆ, ಅದರಿಂದ ಪರಿಪೂರ್ಣ ಸಂಖ್ಯೆ ಕಟ್ಟಬಹುದೆಂದು ಯೂಕ್ಲಿಡ್ ತೋರಿಸಿದ್ದ. 31ರಿಂದ 496, 127ರಿಂದ 8128. ಆದರೆ 2047ರಿಂದ ಸಿಗುವುದಿಲ್ಲ; ಅದು 23 × 89. ಅವಿಭಾಜ್ಯವೋ ಅಲ್ಲವೋ ಎಂದು ಪರೀಕ್ಷಿಸದೆ ಮುಂದೆ ಹೋದವನು ಇಲ್ಲಿ ಬೀಳುತ್ತಾನೆ. ಸಮಸಂಖ್ಯೆಗಳಲ್ಲಿ ಪರಿಪೂರ್ಣವಾದವೆಲ್ಲ ಯೂಕ್ಲಿಡನ ಈ ರೂಪದಲ್ಲೇ ಇರಬೇಕೇ ಎಂಬ ತಿರುವುಮುರುವು ಪ್ರಶ್ನೆಯನ್ನು ಎತ್ತಿ, ಅದನ್ನು ಸಾಧಿಸಲು ಪ್ರಯತ್ನಿಸಿದವರು ಇಬ್ನುಲ್ ಹೈಸಮ್. ಪೂರ್ತಿ ಸಾಧಿಸಲು ಅವರಿಂದಾಗಲಿಲ್ಲ. ಅದನ್ನು ಮುಗಿಸಿದವರು 18ನೇ ಶತಮಾನದ ಆಯ್ಲರ್. ವಿಷಮ ಸಂಖ್ಯೆಗಳಲ್ಲಿ ಪರಿಪೂರ್ಣವಾದದ್ದು ಒಂದಾದರೂ ಇದೆಯೇ ಎಂಬುದಕ್ಕೆ ಇನ್ನೂ ಉತ್ತರವಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗಂಡೆದೆ ಇದ್ದರೆ ಕೈ ಹಾಕಿ ನೋಡಿ.

ಅವರ ಕೃತಿಗಳೆಂದು ಹಳೆಯ ಪಟ್ಟಿಗಳು ಹೇಳುವ ಹೆಸರುಗಳು ತೊಂಬತ್ತಕ್ಕೂ ಮೀರುತ್ತವೆ. ಕಿಬ್ಲಾದ ದಿಕ್ಕು ಕಂಡುಹಿಡಿಯುವ ಬಗೆ, ಚಂದ್ರನ ಬೆಳಕು, ಕನ್ನಡಿಗಳು, ಯೂಕ್ಲಿಡನ ಗ್ರಂಥದಲ್ಲಿನ ಸಂಶಯಗಳು, ಹೀಗೆ. ಟಾಲೆಮಿಯ ಗ್ರಂಥವನ್ನು ವರ್ಷವರ್ಷವೂ ನಕಲು ಮಾಡುತ್ತಿದ್ದ ಇವರೇ, ಟಾಲೆಮಿ ಎಲ್ಲೆಲ್ಲಿ ತಪ್ಪಿದ್ದಾನೆಂದು ತೋರಿಸುವ ಇನ್ನೊಂದು ಗ್ರಂಥವನ್ನೂ ಬರೆದರು. ಹಿಂದಿನವರು ದೊಡ್ಡವರು ಎಂಬ ಕಾರಣಕ್ಕೆ ಅವರ ಮಾತನ್ನು ಒಪ್ಪಬಾರದು, ಪರೀಕ್ಷಿಸಿ ನೋಡಬೇಕು, ತನ್ನ ಸ್ವಂತ ತೀರ್ಮಾನವನ್ನೂ ಸಂಶಯದಿಂದಲೇ ನೋಡಬೇಕು ಎಂಬುದು ಅದರಲ್ಲಿನ ಅವರ ನಿಲುವು. ನೈಲಿನ ದಡದಲ್ಲಿ ತನ್ನ ಯೋಜನೆಯನ್ನೇ ತಾನು ಅಳೆದು ಕೈಬಿಟ್ಟವರು ಹೀಗೆ ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಸುಮಾರು 1040ರಲ್ಲಿ, ಹಿಜರಿ 430ರ ಹೊತ್ತಿಗೆ, ಅವರು ಕೈರೋದಲ್ಲಿ ನಿಧನರಾದರು. ಮನಾಝಿರ್ ಗ್ರಂಥಕ್ಕೆ ಮುಂದೆ ದೊಡ್ಡ ವ್ಯಾಖ್ಯಾನ ಬರೆದವರು ಇರಾನಿನ ಕಮಾಲುದ್ದೀನ್ ಅಲ್ ಫಾರಿಸೀ. ಬೆಳಕಿನ ಜೊತೆಗೆ ಸಂಖ್ಯೆಗಳ ಗೀಳು ಅವರಿಗೂ ಇತ್ತು. ಒಂದರ ಅಪವರ್ತನಗಳ ಮೊತ್ತ ಇನ್ನೊಂದಾಗುವ 220 ಮತ್ತು 284ರಂಥ ಸ್ನೇಹ ಸಂಖ್ಯೆಗಳನ್ನು ಹುಡುಕುತ್ತಾ, ಪ್ರತಿಯೊಂದು ಸಂಖ್ಯೆಯನ್ನೂ ಅವಿಭಾಜ್ಯಗಳಾಗಿ ಬಿಡಿಸುವ ಬಗೆಯನ್ನು ಅವರು ವಿವರಿಸಿದರು. 17296 ಮತ್ತು 18416 ಎಂಬ ಜೋಡಿಯನ್ನೂ ಕಂಡುಕೊಂಡರು.

ಇಸ್ತಾಂಬುಲಿನ ಸುಲೈಮಾನಿಯ್ಯಾ ಗ್ರಂಥಾಲಯದಲ್ಲಿ ಅಪೊಲೋನಿಯಸನ ಜ್ಯಾಮಿತಿ ಗ್ರಂಥದ ಒಂದು ಅರಬಿ ಪ್ರತಿ ಇದೆ. ಹಿಜರಿ 415, ಅಂದರೆ ಕ್ರಿ.ಶ. 1024ರದ್ದು. ಅದನ್ನು ನಕಲು ಮಾಡಿದವರು ಬಂಧನದಿಂದ ಹೊರಬಂದು ಮೂರು ವರ್ಷ ಕಳೆದಿದ್ದ ಇಬ್ನುಲ್ ಹೈಸಮ್. ಅಕ್ಷರಗಳು ಅವರ ಸ್ವಂತ ಕೈಯವು.